ಹಿತ್ತಲಿನ ಮೀನುಹೊಂಡ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮೀನುಹೊಂಡದ ಬಗ್ಗೆ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ಬಯಲುಸೀಮೆಯವರಿಗೆ ಬರೆದಂಥವು. ನೀರು ಉಳಿಸುವುದು ಹೇಗೆ, ಬೇಸಿಗೆಯಲ್ಲಿ ಏನು ಮಾಡುವುದು, ಹೀಗೇ. ನಮ್ಮಲ್ಲಿ ಕಥೆ ಉಲ್ಟಾ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಹೊಂಡ ಕೆಡುವುದು ಮಳೆಗಾಲದಲ್ಲಿ, ಬೇಡದ ನೀರು ಒಳಗೆ ನುಗ್ಗಿ. ಯಾವ ನೀರು ಹೊಂಡಕ್ಕೆ ಬರಬೇಕು, ಯಾವುದು ಬರಬಾರದು, ಜಾಸ್ತಿಯಾದದ್ದು ಎಲ್ಲಿಂದ ಹೊರಗೆ ಹೋಗಬೇಕು ಅನ್ನುವುದು ತೀರ್ಮಾನವಾದರೆ ಉಳಿದದ್ದೆಲ್ಲ ಸುಲಭ. ಕೆಳಗಿನ ಉತ್ತರಗಳಲ್ಲಿ ಅರ್ಧದಷ್ಟು ಈ ಮಾತಿನ ಸುತ್ತಲೇ ಇವೆ.

ಹಿತ್ತಲಿನಲ್ಲಿ ಹೊಂಡಕ್ಕೆ ಸರಿಯಾದ ಜಾಗ ಯಾವುದು?

ಒಂದು ಜೋರು ಮಳೆ ಹೊಯ್ಯುವಾಗ ಕೊಡೆ ಹಿಡಿದು ಹಿತ್ತಲಿಗೆ ಹೋಗಿ ನಿಲ್ಲಿ. ಧರೆಯಿಂದ (ಹಿತ್ತಲಿನ ಕಡಿದಾದ ಮಣ್ಣಿನ ದಿಬ್ಬ) ಇಳಿಯುವ ನೀರು, ಮಾಡಿನ ನೀರು, ಕೊಟ್ಟಿಗೆ ಕಡೆಯಿಂದ ಬರುವ ನೀರು ಯಾವ್ಯಾವ ದಾರಿ ಹಿಡಿಯುತ್ತವೆ ನೋಡಿ. ಆ ಯಾವ ದಾರಿಯಲ್ಲೂ ಹೊಂಡ ಬೇಡ.

ಎಲ್ಲರ ಕಣ್ಣೂ ಮೊದಲು ಬೀಳುವುದು ಹಿತ್ತಲಿನ ತಗ್ಗು ಮೂಲೆಯ ಮೇಲೆ. ನೀರು ತಾನಾಗಿ ಬಂದು ತುಂಬುತ್ತದಲ್ವಾ ಅನ್ನುವ ಲೆಕ್ಕ. ತುಂಬುತ್ತದೆ ನಿಜ. ಜೊತೆಗೆ ಸಗಣಿ, ಬಚ್ಚಲಿನ ಸೋಪು, ತೋಟದ ಔಷಧಿ, ಕೆಂಪು ಮಣ್ಣು ಎಲ್ಲವೂ ಬರುತ್ತವೆ. ತಗ್ಗಿಗಿಂತ ಒಂದೆರಡು ಅಡಿ ಎತ್ತರದ, ಮಟ್ಟಸವಾದ ಜಾಗ ಒಳ್ಳೆಯದು. ಅಲ್ಲಿಂದ ಹೊಂಡ ಖಾಲಿ ಮಾಡುವುದೂ ಸುಲಭ, ಪಂಪ್ ಇಲ್ಲದೆ ಪೈಪಿನಲ್ಲೇ ಇಳಿಸಬಹುದು.

ಧರೆಯ ಬುಡದಲ್ಲಂತೂ ತೋಡಲೇಬೇಡಿ. ಬುಡ ಸಡಿಲವಾಗಿ ಆಷಾಢದ ಮಳೆಗೆ ಧರೆ ಕುಸಿದರೆ ಹೊಂಡದ ಜೊತೆ ಇನ್ನೂ ಏನೇನೋ ಹೋಗುತ್ತದೆ. ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳಬೇಕು. ಹಲಸಿನ ಮರದಡಿ, ಬಿದಿರು ಮೆಳೆ ಪಕ್ಕ ತಂಪೇನೋ ಇರುತ್ತದೆ, ಆದರೆ ವರ್ಷವಿಡೀ ದರಗು (ಉದುರಿದ ಒಣ ಎಲೆ) ಬಾಚುವ ಕೆಲಸ ನಿಮ್ಮದು. ಜಗಲಿಯಿಂದಲೋ ಅಡುಗೆಮನೆ ಕಿಟಕಿಯಿಂದಲೋ ಕಾಣುವ ಹಾಗಿದ್ದರೆ ಇನ್ನೂ ಒಳ್ಳೆಯದು. ಕಣ್ಣಿಗೆ ಬೀಳುವ ಹೊಂಡವನ್ನು ಜನ ಚೆನ್ನಾಗಿ ನೋಡಿಕೊಳ್ಳುತ್ತಾರೆ.

ಎಷ್ಟು ದೊಡ್ಡದು, ಎಷ್ಟು ಆಳ?

ಆಳಕ್ಕಿಂತ ನೀರಿನ ಮೇಲ್ಮೈ ಮುಖ್ಯ. ಗಾಳಿಯಲ್ಲಿರುವ ಆಮ್ಲಜನಕ ನೀರಿಗೆ ಸೇರುವುದು ಅಲ್ಲಿಂದಲೇ. ಬಾವಿ ಥರ ಕಿರಿದಾಗಿ ಆಳಕ್ಕೆ ತೋಡಿದರೆ ತಳದ ನೀರಿನಲ್ಲಿ ಉಸಿರಿಲ್ಲ. ಮೂರರಿಂದ ಐದು ಅಡಿ ಆಳ ಸಾಕು. ಒಂದು ಬದಿಗೆ ಒಂದಡಿ ಆಳದ ಮೆಟ್ಟಿಲು ಬಿಟ್ಟರೆ ಗಿಡ ಇಡಲು ಆಗುತ್ತದೆ.

ನೀರಿನ ಲೆಕ್ಕ ಹೀಗೆ: ಉದ್ದ, ಅಗಲ, ಆಳ ಮೂರನ್ನೂ ಅಡಿಯಲ್ಲಿ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿ. 10 ಅಡಿ ಉದ್ದ, 8 ಅಡಿ ಅಗಲ, 4 ಅಡಿ ಆಳದ ಹೊಂಡದಲ್ಲಿ ಸುಮಾರು 9,000 ಲೀಟರ್ ನೀರು. ಮುಂದಿನ ಲೆಕ್ಕಗಳಿಗೆಲ್ಲ ಇದೇ ಹೊಂಡವನ್ನು ಇಟ್ಟುಕೊಳ್ಳೋಣ.

ಅದರಲ್ಲಿ ಎಷ್ಟು ಮೀನು ಬಿಡಬಹುದು?

ಈ ಉತ್ತರ ಯಾರಿಗೂ ಇಷ್ಟವಾಗುವುದಿಲ್ಲ. ಕಾಟ್ಲಾ, ರೋಹು ಥರದ ಊಟದ ಮೀನಾದರೆ, ಗಾಳಿ ಹಾಕುವ ಯಂತ್ರ (ಏರೇಟರ್) ಇಲ್ಲದೆ, ಒಂದು ಚದರ ಮೀಟರಿಗೆ ಒಂದು. ನಮ್ಮ 10×8 ಹೊಂಡದ ಮೇಲ್ಮೈ ಏಳೂವರೆ ಚದರ ಮೀಟರೂ ಇಲ್ಲ. ಅಂದರೆ ಏಳೆಂಟು ಮೀನು. ಅಷ್ಟೇ.

ಮರಿ ಅಗ್ಗ, ಚೀಲದಲ್ಲಿ ನೋಡುವಾಗ ಬೆರಳಿನಷ್ಟೇ ಇರುತ್ತವೆ, ಹಾಗಾಗಿ ಜನ ನೂರು ತಂದು ಸುರಿಯುತ್ತಾರೆ. ಆರು ತಿಂಗಳಾದ ಮೇಲೂ ಅವು ಬೆರಳಿನಷ್ಟೇ ಇರುತ್ತವೆ, ಬದುಕಿದ್ದರೆ. ಕೋಯಿ ಅನ್ನುವ ಅಲಂಕಾರದ ಮೀನಾದರೆ ಒಂದಕ್ಕೆ ಸಾವಿರ ಲೀಟರ್ ಅಂತ ಇಟ್ಟುಕೊಳ್ಳಿ, ಅದೂ ಫಿಲ್ಟರ್ ಇದ್ದರೆ. ಗೋಲ್ಡ್‌ಫಿಶ್ ಒಂದಕ್ಕೆ ನೂರೈವತ್ತು, ಇನ್ನೂರು ಲೀಟರ್. ಗಪ್ಪಿಯನ್ನು ನೀವು ಎಣಿಸಬೇಕಾಗಿಲ್ಲ, ಅವು ತಾವೇ ಹೆಚ್ಚಿಕೊಳ್ಳುತ್ತವೆ.

ಸಿಮೆಂಟ್, ಶೀಟ್, ಬರೀ ಮಣ್ಣು: ಯಾವುದು ಒಳ್ಳೆಯದು?

ನೆಲದ ಮೇಲೆ ಹೋಗುತ್ತದೆ. ಗದ್ದೆ ಬದಿಯ ಜೇಡಿಮಣ್ಣಾದರೆ ಬರೀ ಮಣ್ಣಿನ ಹೊಂಡವೇ ಚೆಂದ. ತಳಕ್ಕೆ ಜೇಡಿ ಹರಡಿ, ನೀರು ಚಿಮುಕಿಸಿ, ಚೆನ್ನಾಗಿ ತುಳಿದು ಗಟ್ಟಿ ಮಾಡಿದರೆ ನೀರು ನಿಲ್ಲುತ್ತದೆ. ಶತ್ರು ಅಂದರೆ ಏಡಿ. ದಂಡೆಯಲ್ಲಿ ಬಿಲ ಮಾಡಿ ರಾತ್ರಿ ಕಳೆಯುವುದರೊಳಗೆ ಹೊಂಡದ ನೀರು ಇಳಿಸಿಬಿಡುತ್ತದೆ.

ಜಂಬಿಟ್ಟಿಗೆ ನೆಲದಲ್ಲಿ ನೀರು ನಿಲ್ಲುವುದಿಲ್ಲ. ಅಲ್ಲಿ ಶೀಟ್ ಬೇಕೇ ಬೇಕು. ಕೃಷಿಹೊಂಡಕ್ಕೆ ಹಾಕುವ 500 ಮೈಕ್ರಾನಿನ ಶೀಟ್ ಸಾಕು, ಅಂಗಳಕ್ಕೆ ಹಾಸುವ ತೆಳು ಟಾರ್ಪಾಲು ಸಾಲದು. ಅಳತೆ: ಉದ್ದಕ್ಕೆ ಆಳದ ಎರಡು ಪಟ್ಟು ಸೇರಿಸಿ, ಅಂಚಿಗೆ ಇನ್ನೆರಡು ಅಡಿ. ನಮ್ಮ ಹೊಂಡಕ್ಕೆ 20×18 ಅಡಿ ಶೀಟ್. ಹಾಸುವ ಮೊದಲು ಕೈಯಲ್ಲಿ ನೆಲ ಸವರಿ ನೋಡಿ. ಜಂಬಿಟ್ಟಿಗೆಯ ಚೂಪು ಮೂಲೆಗಳು, ಕೊಯ್ದ ಬೇರಿನ ತುದಿಗಳು ಇದ್ದೇ ಇರುತ್ತವೆ. ಎರಡಿಂಚು ಜರಡಿ ಮಣ್ಣು, ಅದರ ಮೇಲೆ ಹಳೆ ಗೋಣಿಚೀಲ, ಆಮೇಲೆ ಶೀಟ್.

ಸಿಮೆಂಟ್ ಗಟ್ಟಿ, ಆದರೆ ಖರ್ಚು ಜಾಸ್ತಿ. ಬಿರುಕು ಬಿಟ್ಟರೆ ಹುಡುಕುವುದು ತಲೆನೋವು. ಪೂರ್ತಿ ಸಿಮೆಂಟ್ ಮಾಡುವ ಬದಲು ಅಂಚಿಗೆ ಮಾತ್ರ ಕಲ್ಲು-ಸಿಮೆಂಟ್, ಒಳಗೆ ಶೀಟ್ ಮಾಡಿದರೆ ಎರಡರ ಒಳ್ಳೆಯ ಗುಣವೂ ಸಿಗುತ್ತದೆ ಅನ್ನುವುದು ನನ್ನ ಅಭಿಪ್ರಾಯ.

ಮಳೆಗಾಲದಲ್ಲಿ ಶೀಟ್ ತಳದಿಂದ ಉಬ್ಬಿ ಮೇಲೆ ಬಂದಿದೆ. ತೂತಾಗಿದೆಯಾ?

ಇಲ್ಲ. ಅಡಿಯಿಂದ ಜಲ ಒತ್ತುತ್ತಿದೆ. ಜುಲೈ ಹೊತ್ತಿಗೆ ನಮ್ಮ ನೆಲದಲ್ಲಿ ಎಲ್ಲೆಲ್ಲೂ ಒರತೆ ಏಳುತ್ತದೆ. ಶೀಟಿನ ಕೆಳಗಿನ ನೀರು ಹೊಂಡದ ನೀರಿಗಿಂತ ಎತ್ತರಕ್ಕೆ ಬಂದರೆ ಅದು ಶೀಟನ್ನು ಎತ್ತುತ್ತದೆ. ಎಷ್ಟೋ ಜನ ಗಾಬರಿಯಾಗಿ ಹೊಂಡದ ನೀರು ಖಾಲಿ ಮಾಡಲು ಹೋಗುತ್ತಾರೆ, ಆಗ ಇನ್ನೂ ಉಬ್ಬುತ್ತದೆ. ಮಾಡಬೇಕಾದ್ದು ಅದರ ಉಲ್ಟಾ: ಹೊಂಡ ತುಂಬಿಯೇ ಇರಲಿ.

ಶಾಶ್ವತ ಪರಿಹಾರ ಬೇಕಾದರೆ ಹೊಂಡದ ಮೇಲ್ಬದಿಗೆ, ಮೂರು ನಾಲ್ಕು ಅಡಿ ದೂರದಲ್ಲಿ, ಹೊಂಡದ ತಳಕ್ಕಿಂತ ಸ್ವಲ್ಪ ಕೆಳಗೆ ಹೋಗುವ ಬಸಿಗಾಲುವೆ ತೋಡಿ ಜಲ್ಲಿ ತುಂಬಿಸಿ. ಅಡಿಕೆ ತೋಟದ ಬಸಿಗಾಲುವೆಯ ಲೆಕ್ಕವೇ ಇದಕ್ಕೂ. ಇಳಿಜಾರಿನ ಕಡೆಗೆ ಬಾಯಿ ಬಿಟ್ಟರೆ ನೀರು ಹೊಂಡವನ್ನು ಸುತ್ತಿಕೊಂಡು ಹೋಗುತ್ತದೆ. ಅಷ್ಟು ಆಳದ ಕಾಲುವೆಯನ್ನು ಬೇಸಿಗೆಯಲ್ಲೇ ತೋಡಿ, ಮಳೆ ಹಿಡಿದ ಮೇಲೆ ಬದಿ ನಿಲ್ಲುವುದಿಲ್ಲ.

ಹೊಸ ಸಿಮೆಂಟ್ ತೊಟ್ಟಿಗೆ ಮೀನು ಬಿಟ್ಟರೆ ಸಾಯುತ್ತವೆ ಅಂತಾರೆ, ಹೌದಾ?

ಹೌದು. ಹೊಸ ಸಿಮೆಂಟಿನಿಂದ ಸುಣ್ಣದ ಅಂಶ ಬಿಡುತ್ತಲೇ ಇರುತ್ತದೆ. ನೀರಿನ ಪಿಎಚ್ (ಹುಳಿ-ಕ್ಷಾರದ ಅಳತೆ) 10 ದಾಟಬಹುದು. ತುಂಬಿಸಿ, ಒಂದು ವಾರ ಬಿಟ್ಟು, ಖಾಲಿ ಮಾಡಿ, ಉಜ್ಜಿ ತೊಳೆಯಿರಿ. ಹೀಗೆ ಮೂರು ಸಲ ಆಗಲಿ. ಬಾಳೆದಿಂಡನ್ನು ತುಂಡು ಮಾಡಿ ಹಾಕಿ ಕೊಳೆಸುವ ರೂಢಿ ಇದೆ, ಅದೂ ಕೆಲಸ ಮಾಡುತ್ತದೆ. ಆದರೆ ಕೊಳೆತ ನೀರನ್ನು ಪೂರ್ತಿ ಚೆಲ್ಲಿ ಹೊಸ ನೀರು ತುಂಬಿಸಬೇಕು. ಕೊನೆಗೆ ಪಿಎಚ್ ಪಟ್ಟಿಯಲ್ಲಿ ನೋಡಿ, 8.5ಕ್ಕಿಂತ ಕೆಳಗೆ ಬಂದಿದ್ದರೆ ಮಾತ್ರ ಮೀನು.

ಮಳೆಗೆ ಹೊಂಡ ಉಕ್ಕಿ ಮೀನೆಲ್ಲ ಹೊರಟುಹೋಗುತ್ತವೆ. ಏನು ಮಾಡುವುದು?

ಮೊದಲು ಲೆಕ್ಕ ನೋಡಿ. ಒಂದು ದಿನ 100 ಮಿಲಿಮೀಟರ್ ಮಳೆ ಬಿದ್ದರೆ ಹೊಂಡದ ಬಾಯಿಗೆ ನೇರವಾಗಿ ಬೀಳುವುದು 740 ಲೀಟರ್ ಮಾತ್ರ. ಅದೇ ಮಳೆ ಸಾವಿರ ಚದರಡಿ ಮಾಡಿನ ಮೇಲೆ ಬಿದ್ದರೆ 9,300 ಲೀಟರ್, ಅಂದರೆ ಇಡೀ ಹೊಂಡದಷ್ಟು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್ ದಾಟುವ ಆಗುಂಬೆಯಲ್ಲಿ ಇಂಥ ದಿನಗಳಿಗೆ ಬರವಿಲ್ಲ. ಹೊಂಡ ಉಕ್ಕುವುದು ಆಕಾಶದಿಂದ ಬಿದ್ದ ನೀರಿಗಲ್ಲ, ಹರಿದು ಬಂದ ನೀರಿಗೆ. ಸೂರಿನ ದೋಣಿಯನ್ನು ಬೇರೆ ಕಡೆ ತಿರುಗಿಸಿ. ಹೊಂಡದ ಸುತ್ತ ಅರ್ಧ ಅಡಿ ಎತ್ತರದ ದಂಡೆ ಕಟ್ಟಿ.

ಹೊರಹರಿವಿಗೆ ನಾಲ್ಕಿಂಚಿನ ಪೈಪ್ ಒಂದಲ್ಲ, ಎರಡು ಇಡಿ. ಒಂದು ಎಲೆ ಕಟ್ಟಿ ಮುಚ್ಚಿಕೊಂಡಾಗ ಇನ್ನೊಂದು ಕಾಯುತ್ತದೆ. ಪೈಪಿನ ಬಾಯಿಗೆ ಚಪ್ಪಟೆಯಾಗಿ ಜಾಲರಿ ಕಟ್ಟಬೇಡಿ, ಎರಡು ಎಲೆ ಬಿದ್ದರೆ ಮುಚ್ಚಿಹೋಗುತ್ತದೆ. ಬುಟ್ಟಿಯ ಆಕಾರದ ದೊಡ್ಡ ಜಾಲರಿ ಮಾಡಿ ಬಾಯಿಯ ಸುತ್ತ ಕೂರಿಸಿ.

ಅಂದಹಾಗೆ, ಮಳೆ ಹಿಡಿಯುತ್ತಿದ್ದ ಹಾಗೆ ಹರಿವಿಗೆ ಎದುರಾಗಿ ಏರುವುದು ಮೀನಿನ ಹುಟ್ಟುಗುಣ. ಹತ್ತುಮೀನು ಹಿಡಿಯುವ ಊರಿನವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಹಾಗಾಗಿ ನೀರು ಒಳಬರುವ ಕಡೆಯೂ ಮೀನು ಹತ್ತಿ ಹೋಗದ ಹಾಗೆ ಒಂದಡಿ ಎತ್ತರದಿಂದ ಬೀಳಲಿ.

ಅಬ್ಬಿ ನೀರನ್ನು (ಗುಡ್ಡದ ಒರತೆಯಿಂದ ತಾನಾಗಿ ಹರಿದು ಬರುವ ನೀರು) ನೇರವಾಗಿ ಹೊಂಡಕ್ಕೆ ಬಿಡಬಹುದಾ?

ಬಿಡಬಹುದು, ಎತ್ತರದಿಂದ. ನೆಲದೊಳಗಿಂದ ಆಗಷ್ಟೇ ಹೊರಬಂದ ನೀರಿನಲ್ಲಿ ಆಮ್ಲಜನಕ ಕಮ್ಮಿ ಇರುತ್ತದೆ. ಅಡಿಕೆ ದಂಬೆಯ (ಅಡಿಕೆ ಮರ ಸೀಳಿ ಮಾಡಿದ ನೀರಿನ ದೋಣಿ) ತುದಿಯಿಂದ ಕಲ್ಲಿನ ಮೇಲೆ ಬಿದ್ದು ಚಿಮ್ಮಿ ಒಳಗೆ ಹೋದರೆ ಆ ಕೊರತೆ ತುಂಬುತ್ತದೆ. ಕರೆಂಟ್ ಬೇಡ, ಪಂಪ್ ಬೇಡ, ಸದ್ದೂ ಹಿತವಾಗಿರುತ್ತದೆ.

ಆದರೆ ಕಾಟ್ಲಾ, ರೋಹು ಬೆಳೆಸುವವರು ಹಗಲೂ ರಾತ್ರಿ ಬಿಡಬೇಡಿ. ಆ ಮೀನುಗಳ ಅರ್ಧ ಊಟ ನೀರಿನಲ್ಲೇ ಹುಟ್ಟುವ ಕಣ್ಣಿಗೆ ಕಾಣದ ಜೀವಿಗಳು. ಹರಿವು ಜಾಸ್ತಿಯಾದರೆ ಅವೆಲ್ಲ ಕೊಚ್ಚಿಹೋಗಿ ನೀರು ತಿಳಿಯಾಗುತ್ತದೆ, ಮೀನು ಬಡಕಲಾಗುತ್ತದೆ. ಅಲಂಕಾರದ ಮೀನಿಗೆ ಈ ಚಿಂತೆ ಇಲ್ಲ.

ತೋಟಕ್ಕೆ ಬೋರ್ಡೋ ಹೊಡೆದರೆ ಮೀನಿಗೆ ತೊಂದರೆಯಾ?

ಮಲೆನಾಡಿನ ಹೊಂಡಗಳಿಗೆ ಇರುವ ದೊಡ್ಡ ಗಂಡಾಂತರ ಇದೇ ಅಂತ ನಾನು ಹೇಳುತ್ತೇನೆ. ಕೊಳೆರೋಗಕ್ಕೆ ಹೊಡೆಯುವ ಶೇಕಡಾ 1ರ ಬೋರ್ಡೋ ದ್ರಾವಣದಲ್ಲಿ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದಲ್ಲಿರುವುದು ತಾಮ್ರ, ಅದು ಮೀನಿನ ಕಿವಿರಿಗೆ ವಿಷ. ನೀರು ಗಡುಸಾಗಿದ್ದರೆ ತಾಮ್ರದ ಕಾಟ ಸ್ವಲ್ಪ ಕಮ್ಮಿ. ನಮ್ಮದು ಮೆದು ನೀರು, ಹುಳಿ ಮಣ್ಣು. ಹಾಗಾಗಿ ಬೇರೆ ಕಡೆ ಮೀನು ತಡೆದುಕೊಳ್ಳುವಷ್ಟು ತಾಮ್ರವೇ ಇಲ್ಲಿ ಕೊಲ್ಲುತ್ತದೆ.

ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ, ಎರಡನೆಯದು 40-45 ದಿನ ಬಿಟ್ಟು. ಕೊನೆಗಾರ ಮರದ ತುದಿಯಲ್ಲಿದ್ದಾಗ ಗಾಳಿ ಬೀಸಿದರೆ ನೀಲಿ ಹನಿಗಳು ಎಲ್ಲಿಗೆ ಹಾರುತ್ತವೆ ಅಂತ ಯಾರೂ ಹೇಳಲು ಆಗುವುದಿಲ್ಲ. ಹೊಂಡ ತೋಟದ ಪಕ್ಕದಲ್ಲಿದ್ದರೆ ಆ ದಿನ ಟಾರ್ಪಾಲು ಮುಚ್ಚಿ, ಸಂಜೆ ತೆಗೆಯಿರಿ. ಪೂರ್ತಿ ದಿನ ಮುಚ್ಚಿದರೂ ನೀರು ಬೀಳುವ ದಂಬೆ ಮಾತ್ರ ಓಡುತ್ತಿರಲಿ. ತೋಟದ ಕಡೆಯಿಂದ ನೀರು ಬರುವ ದಾರಿ ಇದ್ದರೆ ಸಿಂಪಡಣೆಯ ನಂತರದ ಮೊದಲೆರಡು ಮಳೆಗೆ ಅದನ್ನು ಕಟ್ಟಿಹಾಕಿ. ದ್ರಾವಣ ಕಲಸಿದ ಡ್ರಮ್, ಪೈಪ್, ಬಕೆಟ್ ಯಾವುದನ್ನೂ ಹೊಂಡದ ನೀರಿನಲ್ಲಿ ತೊಳೆಯಬಾರದು. ಇದನ್ನು ಕೆಲಸಕ್ಕೆ ಬಂದವರಿಗೆ ಬೆಳಿಗ್ಗೆಯೇ ಹೇಳಿಬಿಡಿ. ಅವರಿಗೆ ಹತ್ತಿರ ಕಾಣುವ ನೀರು ಅದೇ.

ಮೇಲಿನ ಗದ್ದೆಯಲ್ಲಿ ಶುಂಠಿ ಹಾಕಿದ್ದಾರಾ? ಹಾಗಾದರೆ ಶುಂಠಿಯ ಔಷಧಿ ಬೆರೆತ ಆ ಕಡೆಯ ನೀರು ಒಂದು ಹನಿಯೂ ಬೇಡ.

ಅಡಿಕೆ ಬೇಯಿಸಿದ ಚೊಗರು?

ಬೇಡವೇ ಬೇಡ. ಸಿಪ್ಪೆ ರಾಶಿಯಿಂದ ಸೋರುವ ಕಂದು ನೀರೂ ಬೇಡ. ಕೊಳೆಯುತ್ತಾ ನೀರಿನ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಮಂಗಾರೆ ಗಿಡ ಹೊಂಡದ ದಂಡೆಯಲ್ಲಿದ್ದರೆ ಅದನ್ನೂ ತೆಗೆಯಿರಿ. ಹೊಳೆಯಲ್ಲಿ ಮೀನು ಅಮಲೇರಿಸಲು ಹಿಂದೆ ಅದರ ಕಾಯನ್ನೇ ಜಜ್ಜಿ ಹಾಕುತ್ತಿದ್ದದ್ದು.

ಸುಣ್ಣ ಹಾಕಬೇಕಾ? ಎಷ್ಟು?

ಹಾಕಬೇಕು. ಮಳೆನೀರಿಗೆ ಪಿಎಚ್ ಹಿಡಿದಿಟ್ಟುಕೊಳ್ಳುವ ಶಕ್ತಿ ಇಲ್ಲ, ಮಲೆನಾಡಿನ ಮಣ್ಣಿಗೂ ಇಲ್ಲ. ಮೀನಿಗೆ 6.5ರಿಂದ 8.5ರವರೆಗೆ ಹಿತ. ನಾಲ್ಕು ದಿನ ಬಿಡದೆ ಹೊಯ್ದರೆ ಅದು 6ಕ್ಕಿಂತ ಕೆಳಗೆ ಇಳಿಯುವುದುಂಟು.

ತುಂಬಿದ ಹೊಂಡಕ್ಕೆ ಕೃಷಿ ಸುಣ್ಣ, ಅಂದರೆ ಸುಣ್ಣಕಲ್ಲಿನ ಪುಡಿ ಮಾತ್ರ. ಸೆಂಟ್‌ಗೆ, ಅಂದರೆ ಎಕರೆಯ ನೂರನೇ ಒಂದು ಪಾಲಿಗೆ, ಸುಮಾರು 1 ಕಿಲೋ. ನಮ್ಮ 10×8 ಹೊಂಡಕ್ಕೆ 150ರಿಂದ 200 ಗ್ರಾಂ, ಅಂದರೆ ಒಂದೆರಡು ಮುಷ್ಟಿ. ಬಕೆಟ್ಟಿನಲ್ಲಿ ಕದಡಿ ಬೆಳಗಿನ ಹೊತ್ತು ಎರಚಿ. ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಸಾಕು. ಗೋಡೆಗೆ ಬಳಿಯುವ ಸುಣ್ಣ, ಸುಟ್ಟ ಸುಣ್ಣ ಇವು ಪಿಎಚ್ ಅನ್ನು ಒಮ್ಮೆಲೇ ಮೇಲೆತ್ತಿ ಮೀನು ಕೊಲ್ಲುತ್ತವೆ. ಅವು ಒಣಗಿಸಿದ ಖಾಲಿ ಹೊಂಡಕ್ಕೆ ಮಾತ್ರ. ಹೊಸದಾಗಿ ತೋಡಿದ ಮಣ್ಣಿನ ಹೊಂಡವಾದರೆ ನೀರು ತುಂಬುವ ಮೊದಲು ಸೆಂಟ್‌ಗೆ ನಾಲ್ಕು ಕಿಲೋವರೆಗೂ ಕೃಷಿ ಸುಣ್ಣವನ್ನು ತಳದ ಮಣ್ಣಿಗೆ ಬೆರೆಸಬಹುದು.

ಇನ್ನೊಂದು ಉಪಾಯ: ಘಟ್ಟದ ಕೆಳಗೆ ನೆಂಟರಿದ್ದರೆ ಸಮುದ್ರದ ಚಿಪ್ಪು ತರಿಸಿ, ತೊಳೆದು, ಬಲೆಚೀಲದಲ್ಲಿ ಕಟ್ಟಿ ನೀರು ಬೀಳುವ ಜಾಗದಲ್ಲಿ ಇಳಿಬಿಡಿ. ನಿಧಾನವಾಗಿ ಕರಗುತ್ತಾ ಅದೇ ಕೆಲಸ ಮಾಡುತ್ತದೆ.

ಬೆಳಗಿನ ಜಾವ ಮೀನೆಲ್ಲ ಮೇಲೆ ಬಂದು ಬಾಯಿ ಬಿಡುತ್ತವೆ. ಹಸಿವಾ?

ಅಲ್ಲ, ಉಸಿರು ಕಟ್ಟುತ್ತಿದೆ. ಹಗಲು ಪಾಚಿ ಆಮ್ಲಜನಕ ಕೊಡುತ್ತದೆ. ರಾತ್ರಿ ಅದೂ ಮೀನಿನ ಜೊತೆ ಸೇರಿ ಅದನ್ನೇ ಉಸಿರಾಡುತ್ತದೆ. ಸೂರ್ಯ ಹುಟ್ಟುವ ಮುಂಚಿನ ಹೊತ್ತಿಗೆ ಆಮ್ಲಜನಕ ತಳ ಮುಟ್ಟಿರುತ್ತದೆ. ಎರಡು ಮೂರು ದಿನ ಮೋಡ ಮುಚ್ಚಿಕೊಂಡಿದ್ದರೆ ಹಗಲಿನ ಜಮಾ ಕೂಡ ಇಲ್ಲ, ಬರೀ ಖರ್ಚು.

ನೋಡಿದ ಕೂಡಲೇ ಹೊಸ ನೀರನ್ನು ಎತ್ತರದಿಂದ ಬಿಡಿ. ಅದೂ ಇಲ್ಲದಿದ್ದರೆ ಕೊಡಪಾನದಲ್ಲಿ ಹೊಂಡದ ನೀರನ್ನೇ ಎತ್ತಿ ಎತ್ತಿ ಸುರಿಯಿರಿ. ಆ ದಿನ ತಿಂಡಿ ಬಂದ್. ಪಾಪ ಅಂತ ಒಂದು ಹಿಡಿ ಹಾಕಿದರೆ ಅದು ಕೊಳೆತು ಇನ್ನಷ್ಟು ಉಸಿರು ಕಿತ್ತುಕೊಳ್ಳುತ್ತದೆ.

ಮಳೆಗಾಲದಲ್ಲಿ ಕರೆಂಟ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಪಂಪ್ ನಂಬಬಹುದಾ?

ಪಂಪನ್ನೇ ನಂಬಿ ಮೀನಿನ ಸಂಖ್ಯೆ ಇಡಬೇಡಿ. ಪಂಪ್ ಇಲ್ಲದೆಯೂ ಮೂರು ದಿನ ಬದುಕುವಷ್ಟೇ ಮೀನು ಇರಲಿ. ಬ್ಯಾಟರಿಯ ಸಣ್ಣ ಏರೇಟರ್ ಒಂದು ಮನೆಯಲ್ಲಿರಲಿ. ಅಬ್ಬಿ ನೀರು ಇರುವವರು ಪುಣ್ಯವಂತರು.

ಫಿಲ್ಟರ್ ಬೇಕಾ?

ಮೀನು ಕಮ್ಮಿ, ಗಿಡ ಜಾಸ್ತಿ ಇದ್ದರೆ ಬೇಡ. ಕೋಯಿಗೆ ಬೇಕು. 200 ಲೀಟರಿನ ಡ್ರಮ್ ಸಾಕು: ಕೆಳಗಿನಿಂದ ನೀರು ಒಳಗೆ, ಮೊದಲು ದಪ್ಪ ಜಲ್ಲಿ, ಆಮೇಲೆ ಹಳೆ ಬಲೆ ಮುದ್ದೆ, ಪ್ಲಾಸ್ಟಿಕ್ ಬಾಟಲಿ ಮುಚ್ಚಳಗಳು, ಮೇಲಿನಿಂದ ಹೊರಗೆ. ಎರಡು ಗಂಟೆಗೊಮ್ಮೆ ಹೊಂಡದ ನೀರೆಲ್ಲ ಅದರಲ್ಲಿ ಹಾದುಹೋಗುವ ಹಾಗೆ ಪಂಪ್ ನೋಡಿಕೊಳ್ಳಿ. ನಮ್ಮ ಅಳತೆಗೆ ಗಂಟೆಗೆ 4,500 ಲೀಟರ್.

ಒಂದು ಮಾತು ನೆನಪಿರಲಿ. ಫಿಲ್ಟರಿನಲ್ಲಿ ಕೆಲಸ ಮಾಡುವುದು ಜಲ್ಲಿ ಅಲ್ಲ, ಅದರ ಮೇಲೆ ಲೋಳೆಯಾಗಿ ಕೂರುವ ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಅವು ಮೊದಲು ನೈಟ್ರೈಟ್, ಆಮೇಲೆ ನೈಟ್ರೇಟ್ ಮಾಡುತ್ತವೆ. ಆ ಲೋಳೆ ಕೂರಲು ನಾಲ್ಕರಿಂದ ಆರು ವಾರ ಬೇಕು. ಅಲ್ಲಿಯವರೆಗೆ ಒಂದೆರಡೇ ಮೀನು ಇರಲಿ. ತೊಳೆಯುವಾಗಲೂ ಹೊಂಡದ ನೀರಿನಲ್ಲೇ ಅಲ್ಲಾಡಿಸಿ ತೊಳೆಯಿರಿ. ಲಕಲಕ ಹೊಳೆಯುವ ಹಾಗೆ ಉಜ್ಜಿದರೆ ಮತ್ತೆ ಮೊದಲಿನಿಂದ ಶುರು.

ನೀರು ಹಸಿರಾಗಿದೆ. ಕೆಟ್ಟಿದೆಯಾ?

ಮೊಣಕೈವರೆಗೆ ಕೈ ಮುಳುಗಿಸಿ. ಅಂಗೈ ಮಬ್ಬಾಗಿ ಕಂಡರೆ ಊಟದ ಮೀನಿಗೆ ಅದು ಸರಿಯಾದ ನೀರು. ಮಣಿಕಟ್ಟು ಮುಳುಗುವಷ್ಟರಲ್ಲೇ ಅಂಗೈ ಕಾಣದಾದರೆ ಪಾಚಿ ವಿಪರೀತವಾಗಿದೆ. ತಿಂಡಿ ಕಮ್ಮಿ ಮಾಡಿ, ಕಾಲುಭಾಗ ನೀರು ಬದಲಿಸಿ, ನೆರಳಿಗೆ ಗಿಡ ಬಿಡಿ. ತೆಗೆದ ನೀರನ್ನು ಸುಮ್ನೆ ಚೆಲ್ಲಬೇಡಿ, ಬಾಳೆಬುಡಕ್ಕೆ ಅದಕ್ಕಿಂತ ಒಳ್ಳೆ ಗೊಬ್ಬರ ಇಲ್ಲ.

ಹಸಿರಲ್ಲ, ಡಿಕಾಕ್ಷನ್ ಥರ ಕಂದಾಗಿದೆ ಅನ್ನುವವರಿಗೆ: ಅದು ಎಲೆಯ ಒಗರು. ಸ್ವಲ್ಪ ಇದ್ದರೆ ಮೀನಿಗೇನೂ ಆಗುವುದಿಲ್ಲ. ವಾಸನೆ ಬಂದರೆ ಮಾತ್ರ ತಳದ ದರಗು ತೆಗೆಯಿರಿ.

ಯಾವ ಗಿಡ ಹಾಕಲಿ?

ನೈದಿಲೆ, ಅಂಚಿಗೆ ಬಜೆ, ಕೆಸು, ಒದ್ದೆ ದಂಡೆಗೆ ಒಂದೆಲಗ. ಎಲ್ಲವೂ ನಮ್ಮ ಹಿತ್ತಲಲ್ಲೇ ಸಿಗುವಂಥವು, ಎರಡು ಮೂರು ಅಡುಗೆಗೂ ಮದ್ದಿಗೂ ಆಗುತ್ತವೆ. ತಾವರೆಯನ್ನು ಕುಂಡದಲ್ಲೇ ಇಟ್ಟು ಮುಳುಗಿಸಿ, ನೆಲಕ್ಕೆ ಬಿಟ್ಟರೆ ಹೊಂಡವೇ ಅದರದ್ದಾಗುತ್ತದೆ. ತೇಲುವ ಅಂತರಗಂಗೆಯನ್ನು ವಾರಕ್ಕೊಮ್ಮೆ ಬಾಚಿ ತೆಗೆಯುವ ಮನಸ್ಸಿದ್ದರೆ ಮಾತ್ರ ಬಿಡಿ. ನೀಲಿ ಹೂವಿನ ವಾಟರ್ ಹಯಸಿಂತ್ ಎಷ್ಟೇ ಚೆಂದ ಕಂಡರೂ ತರಬೇಡಿ. ಒಟ್ಟಿನಲ್ಲಿ ಅರ್ಧ ಮೇಲ್ಮೈ ಖಾಲಿ ಇರಬೇಕು.

ಯಾವ ಮೀನು ಒಳ್ಳೆಯದು?

ತಿನ್ನಲೋ, ನೋಡಲೋ? ಮೊದಲು ಅದನ್ನು ಮನೆಯಲ್ಲಿ ಮಾತಾಡಿಕೊಳ್ಳಿ. ಮಕ್ಕಳು ಹೆಸರಿಟ್ಟ ಮೀನನ್ನು ಸಾರು ಮಾಡಲು ಆಗುವುದಿಲ್ಲ.

ತಿನ್ನಲಾದರೆ ಮೇಲ್ಮಟ್ಟದಲ್ಲಿ ತಿನ್ನುವ ಕಾಟ್ಲಾ, ನಡುವಿನ ರೋಹು, ತಳದ ಮೃಗಾಲ್ ಅಥವಾ ಸಾಮಾನ್ಯ ಗೆಂಡೆ ಸೇರಿಸಿ ಬಿಡುವುದು ರೂಢಿ. ಮಣ್ಣಿನ ಹೊಂಡದಲ್ಲಿ ಗೆಂಡೆ ತಳ ಕೆದಕಿ ನೀರು ರಾಡಿ ಮಾಡುತ್ತದೆ, ಶೀಟಿನ ಹೊಂಡದಲ್ಲಿ ಪರವಾಗಿಲ್ಲ. ಹುಲ್ಲುಗೆಂಡೆ ಒಂದು ಇರಲಿ, ಆದರೆ ಅದು ನೈದಿಲೆಯನ್ನೂ ಬಿಡುವುದಿಲ್ಲ. ಇವು ಹೊಂಡದಲ್ಲಿ ಮರಿ ಹಾಕುವುದಿಲ್ಲ, ಸಾಮಾನ್ಯ ಗೆಂಡೆ ಬಿಟ್ಟು. ಡಿಸೆಂಬರ್, ಜನವರಿಯ ಚಳಿಗೆ ಎಲ್ಲವೂ ಮಂಕಾಗಿ ತಿನ್ನುವುದು ಕಮ್ಮಿ ಮಾಡುತ್ತವೆ, ಗಾಬರಿ ಬೇಡ.

ನೋಡಲಾದರೆ ಗೋಲ್ಡ್‌ಫಿಶ್ ಶುರುಮಾಡಲು ಸುಲಭ. ಕೋಯಿ ಆಮೇಲೆ.

ಬೇಡದವು ಎರಡು. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ದೇಶದಲ್ಲೇ ನಿಷೇಧ ಇದೆ, ಯಾರಾದರೂ ಬೇಗ ಬೆಳೆಯುತ್ತದೆ ಅಂತ ಮರಿ ಕೊಡಲು ಬಂದರೆ ಬೇಡ ಅನ್ನಿ. ಇನ್ನೊಂದು ಶೃಂಗೇರಿಯಲ್ಲಿ ತುಂಗೆಯ ಮೆಟ್ಟಿಲ ಹತ್ತಿರ ಕಾಣುವ ದೇವರ ಮೀನು, ಮಹಸೀರ್. ಅದು ಹರಿಯುವ, ತಂಪಾದ, ಆಮ್ಲಜನಕ ತುಂಬಿದ ಹೊಳೆಯ ಮೀನು. ಹಿತ್ತಲ ಹೊಂಡದಲ್ಲಿ ಅದನ್ನು ಇಡುವುದು ಸರಿಯಲ್ಲ.

ಹೊಳೆಯಿಂದ, ಗದ್ದೆಯಿಂದ ಮೀನು ತಂದು ಬಿಡಬಹುದಾ?

ಆಸೆ ಆಗುತ್ತದೆ ನಿಜ. ಆದರೆ ಹುಣ್ಣು ರೋಗ ಬರುವುದು ಹೆಚ್ಚಾಗಿ ಹಾಗೆಯೇ. ತಂದವುಗಳಲ್ಲಿ ಬೇರೆ ಮೀನನ್ನು ನುಂಗುವ ಕೊರವನ ಮರಿ ಒಂದು ಇದ್ದರಂತೂ ಉಳಿದ ಮರಿಗಳ ಲೆಕ್ಕ ಬಿಡಿ.

ಇದಕ್ಕಿಂತ ದೊಡ್ಡ ಚಿಂತೆ ಉಲ್ಟಾ ದಾರಿಯದ್ದು. ಹೊಂಡ ಉಕ್ಕಿ ತಿಲಾಪಿಯಾ, ಸಕ್ಕರ್, ಗಪ್ಪಿ ಹೊಳೆ ಸೇರುವುದು. ನಮ್ಮ ಹೊಳೆಗಳಲ್ಲಿ ಬೇರೆಲ್ಲೂ ಸಿಗದ ಮೀನುಗಳಿವೆ. 2004ರಲ್ಲಿ ವಿಜ್ಞಾನಿಗಳು ಹೊಸದಾಗಿ ಗುರುತಿಸಿದ ಒಂದು ಪುಟ್ಟ ಮೀನಿಗೆ ಶರಾವತಿಯ ಹೆಸರನ್ನೇ ಇಟ್ಟಿದ್ದಾರೆ, ಬಟಾಸಿಯೋ ಶರಾವತಿಯೆನ್ಸಿಸ್ ಅಂತ. ಸಾಕಿ ಬೇಜಾರಾದ ಮೀನನ್ನು ಹೊಳೆಗೆ ಬಿಡುವುದು ಪುಣ್ಯದ ಕೆಲಸ ಅಲ್ಲ. ಬೇಕಾದವರಿಗೆ ಕೊಡಿ.

ಸೊಳ್ಳೆ ಜಾಸ್ತಿ ಆಗುವುದಿಲ್ವಾ?

ಮೀನಿರುವ ಹೊಂಡದಲ್ಲಿ ಆಗುವುದಿಲ್ಲ. ಸೊಳ್ಳೆ ಹುಟ್ಟುವುದು ಪಕ್ಕದಲ್ಲಿ ಬಿದ್ದಿರುವ ಅಡಿಕೆ ಹಾಳೆ, ತೆಂಗಿನ ಚಿಪ್ಪು, ಒಡೆದ ಬಕೆಟ್ಟಿನಲ್ಲಿ. ನಮ್ಮ ತೋಡುಗಳಲ್ಲೇ ಇರುವ ಒಂದು ಸಣ್ಣ ಮೀನು ಇದೆ. ಮೇಲಿಂದ ನೋಡಿದರೆ ನೆತ್ತಿಯಲ್ಲಿ ಬೆಳ್ಳಗೆ ಹೊಳೆಯುವ ಚುಕ್ಕೆ, ನೀರಿನ ಮೇಲ್ಪದರಕ್ಕೆ ಅಂಟಿಕೊಂಡ ಹಾಗೆ ಅಲ್ಲಾಡದೆ ನಿಂತಿರುತ್ತದೆ. ಮರುಕ್ಷಣ ಸೊಳ್ಳೆಮರಿ ಮಾಯ. ಹೊರಗಿನ ಗಪ್ಪಿ ತರುವ ಬದಲು ಇದೇ ಇದ್ದರೆ ಚೆಂದ. ಹೊಳೆ ಮೀನು ಬೇಡ ಅಂದವನೇ ಇದನ್ನು ಹೇಳುತ್ತಿದ್ದೇನೆ ಅಂತ ಬೈಯಬೇಡಿ. ತಂದರೆ ಎರಡು ವಾರ ಬೇರೆ ತೊಟ್ಟಿಯಲ್ಲಿಟ್ಟು ನೋಡಿಯೇ ಬಿಡಿ.

ಮಿಂಚುಳ್ಳಿ, ಕೊಕ್ಕರೆ, ಹಾವು, ನೀರುನಾಯಿ?

ಮಂಡಗದ್ದೆಯಂಥ ಪಕ್ಷಿಧಾಮ ಇರುವ ಜಿಲ್ಲೆಯಲ್ಲಿ ನೀರುಕಾಗೆ, ಬೆಳ್ಳಕ್ಕಿ ಬರಬೇಡಿ ಅಂದರೆ ಕೇಳುತ್ತವೆಯೇ? ಕೊಕ್ಕರೆ ಜಾತಿಯವು ನಿಂತು ಬೇಟೆಯಾಡುತ್ತವೆ. ಅಂಚಿನಲ್ಲೇ ಎರಡಡಿ ಆಳ ಇದ್ದರೆ ಅವಕ್ಕೆ ಕಾಲೂರಲು ಜಾಗ ಇಲ್ಲ. ಗಿಡದ ಮೆಟ್ಟಿಲನ್ನು ಒತ್ತಾಗಿ ಗಿಡ ಇಟ್ಟು ತುಂಬಿಸಿ. ತಳದಲ್ಲಿ ಆರಿಂಚಿನ ಪೈಪ್ ತುಂಡು, ಬಾಯಿ ಒಡೆದ ಮಡಕೆ ಹಾಕಿದರೆ ಮೀನಿಗೆ ಅಡಗುವ ಜಾಗ. ಬಲೆ ಹಾಕುವುದಾದರೆ ಬಿಗಿಯಾಗಿ ಎಳೆದು ಕಟ್ಟಿ. ಜೋತುಬಿದ್ದ ನೈಲಾನ್ ಬಲೆಗೆ ಒಳ್ಳೆಹಾವು ಸಿಕ್ಕಿ ಸಾಯುತ್ತದೆ, ಅದನ್ನು ಬಿಡಿಸುವ ಕೆಲಸ ಯಾರಿಗೂ ಬೇಡ.

ಒಳ್ಳೆಹಾವಿಗೆ ವಿಷ ಇಲ್ಲ, ಕಚ್ಚುವುದರಲ್ಲಿ ಮಾತ್ರ ಹಿಂದೆ ಬೀಳುವುದಿಲ್ಲ. ಒಂದೆರಡು ಮೀನು ತಿಂದು ಕಪ್ಪೆ ಕಡೆ ಹೋಗುತ್ತದೆ. ಹೊಳೆ ಪಕ್ಕದವರಿಗೆ ನೀರುನಾಯಿ ಬಂದರೆ ಬೇಲಿ ಒಂದೇ ದಾರಿ.

ಮನೆಯಲ್ಲಿ ಚಿಕ್ಕ ಮಗು ಇದೆ.

ಹಾಗಾದರೆ ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಕಬ್ಬಿಣದ ಜಾಲರಿ ಹಾಕಿಸಿ, ಮಗುವಿನ ಭಾರ ತಡೆಯುವಂಥದ್ದು. ಒಂದಡಿ ನೀರೂ ಅಪಾಯವೇ. ಜಾಲರಿ ಆಗದಿದ್ದರೆ ಮಗು ದೊಡ್ಡದಾಗುವವರೆಗೆ ಹೊಂಡ ಮುಂದೂಡಿ.

ಏನು ತಿನ್ನಿಸಬೇಕು?

ಅಕ್ಕಿ ತೌಡು, ಕಡಲೆಕಾಯಿ ಹಿಂಡಿ ಸಮಸಮ. ಹಿಂದಿನ ರಾತ್ರಿ ನೆನೆಸಿ ಉಂಡೆ ಕಟ್ಟಿ ತಟ್ಟೆಯಲ್ಲಿಟ್ಟು ಇಳಿಬಿಡಿ. ಮೀನಿನ ಒಟ್ಟು ತೂಕದ ನೂರಕ್ಕೆ ಎರಡು ಮೂರು ಪಾಲು. ನೂರು ಗ್ರಾಮಿನ ಹತ್ತು ಮೀನಿದ್ದರೆ ದಿನಕ್ಕೆ 20-30 ಗ್ರಾಂ. ಇಪ್ಪತ್ತು ನಿಮಿಷದಲ್ಲಿ ತಟ್ಟೆ ಖಾಲಿ ಆಗದಿದ್ದರೆ ನಾಳೆ ಕಮ್ಮಿ ಹಾಕಿ. ಉಳಿದ ಅನ್ನ ಸುರಿಯುವ ಅಭ್ಯಾಸ ಬಿಡಿ. ಅಜೋಲಾ ಬೆಳೆಸುವವರು ಅದನ್ನೂ ಕೊಡಬಹುದು.

ಮೈಮೇಲೆ ಕೆಂಪು ಹುಣ್ಣು ಕಾಣಿಸಿದೆ.

ಮಳೆ ಕಳೆದು ಚಳಿ ಶುರುವಾಗುವ ಹೊತ್ತಲ್ವಾ? ಪಿಎಚ್ ಇಳಿದ, ತಣ್ಣಗಾದ ನೀರು ಹುಣ್ಣು ರೋಗಕ್ಕೆ ಅನುಕೂಲ. ಕೊರವ ಮತ್ತು ಸಣ್ಣ ಪುಟ್ಟ ಕಾಡುಮೀನುಗಳಿಗೆ ಮೊದಲು ಬರುತ್ತದೆ. ಹುಣ್ಣಾದವನ್ನು ತೆಗೆದು ದೂರ ಹೂಳಿ, ಕೃಷಿ ಸುಣ್ಣ ಹಾಕಿ, ಹೊರಗಿನ ನೀರು ನಿಲ್ಲಿಸಿ. ಹರಡುತ್ತಿದ್ದರೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯವರನ್ನು ಕೇಳಿ.

ಶಿವಮೊಗ್ಗ ಪೇಟೆಯಲ್ಲಿದ್ದೇವೆ, ನಲ್ಲಿ ನೀರೇ ಗತಿ.

ಕ್ಲೋರಿನ್ ಇರುತ್ತದೆ. ತೆರೆದ ತೊಟ್ಟಿಯಲ್ಲಿ ಒಂದೆರಡು ದಿನ ಬಿಸಿಲಿಗೆ ಬಿಟ್ಟು ಆಮೇಲೆ ಬಳಸಿ. ಬಾವಿಗೆ ಬ್ಲೀಚಿಂಗ್ ಪೌಡರ್ ಹಾಕಿದ ವಾರವೂ ಇದೇ ಎಚ್ಚರ.

ಹಳೆ ಹೊಂಡ ಇದೆ, ಮೀನು ಏಳಿಗೆಯಾಗುತ್ತಿಲ್ಲ. ಹೇಗೆ ಸುಧಾರಿಸುವುದು?

ಒಂದೇ ದಿನ ಖಾಲಿ ಮಾಡಿ ತೊಳೆದು ಹೊಸದು ಮಾಡುವ ಹುಮ್ಮಸ್ಸು ಬೇಡ. ಮಾರ್ಚ್‌ನಲ್ಲಿ ತಳದ ಕೆಸರಿನ ಮೂರನೇ ಒಂದು ಪಾಲು ತೆಗೆಯಿರಿ, ಎರಡು ವಾರ ಬಿಟ್ಟು ಇನ್ನೊಂದು ಪಾಲು. ಕೆಸರು ಕದಡಿದರೆ ತಳದ ಕೆಟ್ಟ ಗಾಳಿ ಎದ್ದು ಮೀನು ಸಾಯುತ್ತವೆ, ಹಾಗಾಗಿ ಬಕೆಟ್ಟಿಗಿಂತ ಪೈಪಿನಲ್ಲಿ ಹೀರಿಸುವುದು ಮೇಲು. ಆಮೇಲೆ ಮೀನು ಎಣಿಸಿ, ಜಾಸ್ತಿ ಇದ್ದರೆ ಕಮ್ಮಿ ಮಾಡಿ. ನೀರು ಬೀಳುವ ಎತ್ತರ ಹೆಚ್ಚಿಸಿ. ಮೇಲೆ ಚಾಚಿದ ಕೊಂಬೆ ಸವರಿ. ಬಸಿಗಾಲುವೆ ಮೇ ತಿಂಗಳೊಳಗೆ ಮುಗಿಯಲಿ.

ಮರಿ ಎಲ್ಲಿ ಸಿಗುತ್ತದೆ, ಯಾವಾಗ ಬಿಡಬೇಕು?

ಭದ್ರಾ ಅಣೆಕಟ್ಟಿನ ಹತ್ತಿರ ಬಿ.ಆರ್. ಪ್ರಾಜೆಕ್ಟಿನಲ್ಲಿ ಇಲಾಖೆಯ ಮೀನುಮರಿ ಕೇಂದ್ರ ಇದೆ. ಹೋಗುವ ಮೊದಲು ತಾಲ್ಲೂಕು ಕಚೇರಿಯಲ್ಲಿ ಯಾವ ಮರಿ ಬಂದಿದೆ ಅಂತ ವಿಚಾರಿಸಿಕೊಳ್ಳಿ. ಹಾಗೇ ಸಹಾಯಧನದ ಬಗ್ಗೆಯೂ ಕೇಳಿ. 2020ರಲ್ಲಿ ಶುರುವಾದ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಿನ ಅಲಂಕಾರಿಕ ಮೀನು ಘಟಕಕ್ಕೂ ಜಾಗ ಇತ್ತು. ಈಗ ಯಾವುದು ಜಾರಿಯಲ್ಲಿದೆ ಅಂತ ಅವರೇ ಹೇಳಬೇಕು.

ಗೆಂಡೆ ಜಾತಿಯ ಮರಿ ಸಿಗುವುದು ಜುಲೈಯಿಂದ. ಮಲೆನಾಡಿನಲ್ಲಿ ಆಗಸ್ಟ್ ಕೊನೆ, ಸೆಪ್ಟೆಂಬರಿನವರೆಗೆ ಕಾಯಿರಿ, ಮಳೆಯ ಅಬ್ಬರ ಇಳಿದಿರುತ್ತದೆ. ಕಣ್ಣೆವೆಯಷ್ಟು ಸಣ್ಣ ಮರಿ ಬೇಡ, ಬೆರಳುದ್ದದ ಬಲಿತ ಮರಿ ಕೇಳಿ. ಬೆಳಗಿನ ತಂಪಿನಲ್ಲಿ ತಂದು, ಚೀಲ ಕಟ್ಟಿದ ಹಾಗೇ ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಹೊಂಡದ ನೀರನ್ನು ಸ್ವಲ್ಪ ಸ್ವಲ್ಪವೇ ಚೀಲಕ್ಕೆ ಸೇರಿಸಿ. ಲೀಟರಿಗೆ 20-30 ಗ್ರಾಂ ಉಪ್ಪು ಕದಡಿದ ಬಕೆಟ್ಟಿನಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದರೆ ಮೈಗೆ ಅಂಟಿದ ಪರಜೀವಿಗಳು ಬಿಡುತ್ತವೆ. ಮರಿ ಮಗುಚಿಕೊಂಡರೆ ತಕ್ಷಣ ತೆಗೆಯಿರಿ. ಚೀಲದ ನೀರನ್ನು ಹೊಂಡಕ್ಕೆ ಸುರಿಯಬೇಡಿ, ಮರಿಗಳನ್ನು ಮಾತ್ರ ಕೈಬಲೆಯಲ್ಲಿ ಎತ್ತಿ ಬಿಡಿ. ಮೊದಲ ದಿನ ತಿಂಡಿ ಬೇಡ.